ಪವರ್ ಬ್ಯಾಂಕ್: ಎಡಕುಮೇರಿ ಘಟ್ಟಕ್ಕೆ ಒಪ್ಪುವ ಆಯ್ಕೆ

ಗೋಡೆಯ ಪ್ಲಗ್ಗು ಕೈಗೆಟುಕದ ಜಾಗದಲ್ಲಿ ಫೋನು, ಟ್ಯಾಬ್ಲೆಟ್ಟುಗಳಿಗೆ ಚಾರ್ಜ್ ತುಂಬಲು ಜತೆಗೆ ಒಯ್ಯುವ ಬ್ಯಾಟರಿ ಪೆಟ್ಟಿಗೆಗೆ ಪವರ್ ಬ್ಯಾಂಕ್ ಎಂದು ಹೆಸರು. ಒಳಗೆ ಒಂದೋ ಹಲವೋ ಲಿಥಿಯಂ ಸೆಲ್ಲುಗಳು, ಅವುಗಳ ವೋಲ್ಟೇಜನ್ನು ಏರಿಸಿ ಇಳಿಸುತ್ತ ಮಿತಿ ಮೀರದಂತೆ ಕಾಯುವ ಸಣ್ಣದೊಂದು ಸರ್ಕ್ಯೂಟ್, ಹೊರಗೆ ಯುಎಸ್‌ಬಿ ಕಿಂಡಿಗಳು. ಇದರ ರಚನೆ ಇಷ್ಟೇ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದರ ಹಿಂದಿನ ವಿಜ್ಞಾನಕ್ಕಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಇಂದು ಹಾಸನದ ಮೊಬೈಲ್ ಅಂಗಡಿಯ ಗಾಜಿನ ಕಪಾಟಿನಲ್ಲೂ ಹತ್ತಾರು ಬಗೆ ಸಿಗುತ್ತವೆ. ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಮಾತ್ರ ಎಲ್ಲ ಊರಿಗೂ ಒಂದೇ ಉತ್ತರವಿಲ್ಲ. ಬೆಂಗಳೂರಿನ ಕಚೇರಿಗೆ ಹೋಗುವವರು ಪವರ್ ಬ್ಯಾಂಕ್ ಮರೆತರೆ ಪಕ್ಕದ ಮೇಜಿನವರ ಚಾರ್ಜರ್ ಕೇಳುತ್ತಾರೆ. ಸಕಲೇಶಪುರ–ಆಲೂರು ಸೀಮೆಯ ಗುಡ್ಡಗಳಲ್ಲಿ, ಅದರಲ್ಲೂ ಎಡಕುಮೇರಿಯಂಥ ಘಟ್ಟದ ನಿಲ್ದಾಣದ ಆಸುಪಾಸಿನಲ್ಲಿ, ಆ ಸೌಕರ್ಯವಿಲ್ಲ. ಇಲ್ಲಿ ಒಪ್ಪುವ ಪೆಟ್ಟಿಗೆ ಎಲ್ಲಿ ಬೇಕಾದರೂ ಒಪ್ಪುತ್ತದೆ; ಪೇಟೆಯಲ್ಲಿ ಒಪ್ಪಿದ್ದೆಲ್ಲ ಇಲ್ಲಿ ನಡೆಯುವುದಿಲ್ಲ.

ಎಡಕುಮೇರಿ ಹಾಸನ–ಮಂಗಳೂರು ರೈಲು ಮಾರ್ಗದಲ್ಲಿ, ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ಸುಮಾರು 55 ಕಿ.ಮೀ. ಘಟ್ಟದಲ್ಲಿದೆ. ದೋಣಿಗಲ್, ಕಡಗರವಳ್ಳಿ ದಾಟಿದರೆ ಎಡಕುಮೇರಿ, ಅದರಾಚೆ ಶಿರಿಬಾಗಿಲು. 1979ರಲ್ಲಿ ಮೀಟರ್ ಗೇಜಿನಲ್ಲಿ ತೆರೆದ ಈ ಮಾರ್ಗ 1996ರಲ್ಲಿ ಗೇಜ್ ಬದಲಾವಣೆಗೆಂದು ಮುಚ್ಚಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. 57 ಸುರಂಗ, 109 ಸೇತುವೆ, 50 ಅಡಿಗೆ ಒಂದು ಅಡಿಯ ಏರು ಇರುವ ಹಾದಿಯಾದ್ದರಿಂದ ರೈಲು ನಿಧಾನಕ್ಕೆ ಇಳಿಯುತ್ತದೆ. ಘಟ್ಟ ದಾಟಲು ಎರಡೂವರೆ ಗಂಟೆಯಾದರೂ ಬೇಕು. ಮಳೆಗಾಲದಲ್ಲಿ ಆ ಲೆಕ್ಕವೂ ತಪ್ಪುತ್ತದೆ. 2018ರ ಆಗಸ್ಟ್‌ನಲ್ಲಿ ಘಟ್ಟದ ಹಲವು ಕಡೆ ಗುಡ್ಡ ಜರಿದು ಸಂಚಾರ ವಾರಗಟ್ಟಲೆ ನಿಂತಿತ್ತು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಕುಸಿದಾಗ ಅಲ್ಲಿಗೆ ರಸ್ತೆಯೇ ಇಲ್ಲದ್ದರಿಂದ ದುರಸ್ತಿಯ ಸಾಮಗ್ರಿಯನ್ನು ರೈಲಿನಲ್ಲೇ ಒಯ್ಯಬೇಕಾಯಿತು. ಪ್ರಯಾಣಿಕರ ರೈಲುಗಳು ವಾರಕ್ಕೂ ಹೆಚ್ಚು ಕಾಲ ರದ್ದಾದವು. ಇಂಥ ಕಡೆ ರೈಲು ನಿಂತರೆ ಹೊರಜಗತ್ತಿಗೆ ಉಳಿಯುವ ಸಂಪರ್ಕ ಜೇಬಿನ ಫೋನೊಂದೇ.

ಹಳಿಯಿಂದ ಮೇಲಿನ ಊರುಗಳ ಸ್ಥಿತಿ ಇದಕ್ಕಿಂತ ತೀರ ಬೇರೆಯಲ್ಲ. ಹೆತ್ತೂರು, ಯಸಳೂರು, ಹಾನುಬಾಳು, ಆಲೂರು ಕಡೆಯ ಪಾಳ್ಯ, ಕೆಂಚಮ್ಮನ ಹೊಸಕೋಟೆಗಳಲ್ಲಿ ವಿದ್ಯುತ್ ತಂತಿ ಕಾಫಿ ತೋಟಗಳ ನೆರಳು ಮರಗಳ ನಡುವೆ ಹಾದು ಬರುತ್ತದೆ. ಜೂನ್ ಗಾಳಿಗೆ ಒಂದು ಸಿಲ್ವರ್ ಓಕ್ ಕೊಂಬೆ ಬಿದ್ದರೂ ಲೈನು ಹೋಯಿತು. ಲೈನ್‌ಮನ್ ಮಳೆಯಲ್ಲೇ ಹುಡುಕಿ ಸರಿಪಡಿಸುವ ತನಕ, ಎರಡು ಮೂರು ದಿನವಾದರೂ, ಕತ್ತಲೆಯೇ ಗತಿ. ಇದೇ ಸೀಮೆ ರಾಜ್ಯದಲ್ಲಿ ಕಾಡಾನೆ ಮತ್ತು ಮನುಷ್ಯರ ಮುಖಾಮುಖಿ ಅತಿ ಹೆಚ್ಚಿರುವ ಜಾಗಗಳಲ್ಲಿ ಒಂದು. ಆನೆ ಹಿಂಡು ಯಾವ ತೋಟದಲ್ಲಿದೆ, ಯಾವ ದಾರಿ ಬಿಡಬೇಕು ಎಂಬ ಎಚ್ಚರಿಕೆ ಈಗ ಮೊಬೈಲಿಗೇ ಬರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ತೋಟದ ಕಾರ್ಮಿಕರಿಗೂ ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗೂ ಆ ಸಂದೇಶ ತಲುಪದಿದ್ದರೆ ಆಗುವ ಹಾನಿ ಸಣ್ಣದಲ್ಲ. ಇದರ ಜತೆಗೆ ತಾಂತ್ರಿಕವಾದ ಇನ್ನೊಂದು ತೊಂದರೆಯಿದೆ. ಸಿಗ್ನಲ್ ಕ್ಷೀಣವಾದಷ್ಟೂ ಫೋನು ಟವರನ್ನು ಮುಟ್ಟಲು ಹೆಚ್ಚು ಬಲದಿಂದ ಪ್ರಸಾರ ಮಾಡುತ್ತದೆ, ಪದೇಪದೇ ಹುಡುಕುತ್ತದೆ. ಊರಲ್ಲಿ ದಿನವಿಡೀ ಬರುವ ಬ್ಯಾಟರಿ ಘಟ್ಟದ ಸುರಂಗಗಳ ಸಾಲಿನಲ್ಲಿ, ಕಾಡಂಚಿನ ಕಣಿವೆಯಲ್ಲಿ, ಏನೂ ಬಳಸದೆಯೂ ಬೇಗ ಖಾಲಿಯಾಗುವುದು ಈ ಕಾರಣಕ್ಕೆ. ಸಿಗ್ನಲ್ ಇಲ್ಲವೆಂದು ಗೊತ್ತಿರುವ ಹಾದಿಯಲ್ಲಿ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದು ಖರ್ಚಿಲ್ಲದ ಪವರ್ ಬ್ಯಾಂಕ್.

ಹಾಗಿದ್ದರೆ ಕೊಳ್ಳುವವರು ಏನನ್ನು ನೋಡಬೇಕು? ಅಂಗಡಿಯವರು ತೋರಿಸುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಎಂಎಎಚ್ ಅಂಕಿಯನ್ನು. ಈ ಲೇಖನದ ವಾದ ಅದಕ್ಕೆ ವಿರುದ್ಧವಾದದ್ದು. ಬೇಕಾದ ದಿನ ಫೋನಿಗೆ ನಿಜಕ್ಕೂ ತಲುಪುವ ಶಕ್ತಿ ಎಷ್ಟು, ಕರೆಂಟು ಬಂದ ಅಲ್ಪ ಹೊತ್ತಿನಲ್ಲಿ ಪೆಟ್ಟಿಗೆ ಮತ್ತೆ ಎಷ್ಟು ಬೇಗ ತುಂಬುತ್ತದೆ, ಒಳಗಿನ ಸೆಲ್ಲನ್ನು ನಂಬಬಹುದೇ ಎಂಬ ಮೂರು ಪ್ರಶ್ನೆಗಳು ಆ ದಪ್ಪಕ್ಷರದ ಅಂಕಿಗಿಂತ ಮುಖ್ಯ. ಎಂಎಎಚ್, ಅಂದರೆ ಮಿಲಿಆಂಪಿಯರ್-ಗಂಟೆ, ಎಂಬುದು ಶಕ್ತಿಯ ಅಳತೆಯಲ್ಲ, ವೋಲ್ಟೇಜಿನಿಂದ ಗುಣಿಸಿದ ಮೇಲಷ್ಟೇ ಅದು ಶಕ್ತಿಯಾಗುತ್ತದೆ. ಲಿಥಿಯಂ-ಅಯಾನ್ ಸೆಲ್ಲಿನ ಸರಾಸರಿ ವೋಲ್ಟೇಜು 3.7. ಆದ್ದರಿಂದ 10,000 ಎಂಎಎಚ್ ಪೆಟ್ಟಿಗೆಯಲ್ಲಿರುವುದು 37 ವ್ಯಾಟ್-ಗಂಟೆ, 20,000ದಲ್ಲಿ 74. ಯುಎಸ್‌ಬಿ ಕಿಂಡಿಯಿಂದ ಹೊರಬರುವುದು ಕನಿಷ್ಠ 5 ವೋಲ್ಟ್. 3.7ನ್ನು 5ಕ್ಕೆ ಏರಿಸಿದಾಗ, ನಷ್ಟವೇ ಇಲ್ಲವೆಂದುಕೊಂಡರೂ, 10,000 ಎಂಬುದು 7,400ಕ್ಕೆ ಇಳಿಯುತ್ತದೆ. ಏರಿಸುವ ಸರ್ಕ್ಯೂಟು ನೂರಕ್ಕೆ ಹತ್ತರಿಂದ ಹದಿನೈದು ಪಾಲು ಶಕ್ತಿಯನ್ನು ಬಿಸಿಯಾಗಿ ಕಳೆಯುವುದರಿಂದ ಕೈಗೆ ಸಿಗುವುದು 6,300ರಿಂದ 6,600. ಸಕಲೇಶಪುರದ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 50 ಕೆ.ಜಿ. ಚೆರ್ರಿ ಚೀಲ ಮಾರುವಾಗ ಚೀಲದ ತೂಕಕ್ಕಿಂತ ಸಿಪ್ಪೆ ಕಳೆದು ಉಳಿಯುವ ಬೀಜದ ಲೆಕ್ಕ, ಅಂದರೆ ಓಟಿ, ಬೆಲೆಯನ್ನು ನಿರ್ಧರಿಸುತ್ತದೆ. ಪವರ್ ಬ್ಯಾಂಕಿಗೂ ಅಂಥದೇ ಓಟಿ ಇದೆ. ನೆಟ್ಟಗಿನ ತಯಾರಕರು ಅದನ್ನು ‘ರೇಟೆಡ್ ಕೆಪಾಸಿಟಿ’ ಎಂಬ ಹೆಸರಿನಲ್ಲಿ, 5 ವೋಲ್ಟಿಗೆ ಇಷ್ಟು ಎಂದು, ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಮುದ್ರಿಸಿರುತ್ತಾರೆ. ಆ ಸಾಲೇ ಇಲ್ಲದ ಪೆಟ್ಟಿಗೆಯನ್ನು ಕೆಳಗಿಡುವುದು ಲೇಸು.

ಇದನ್ನು ಫೋನಿನ ಲೆಕ್ಕಕ್ಕೆ ತರೋಣ. ಈಗಿನ ಸಾಧಾರಣ ಫೋನಿನ 5,000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಹಿಡಿಯುತ್ತದೆ. ಫೋನು ತಾನೂ ಚಾರ್ಜ್ ಆಗುವಾಗ ಸ್ವಲ್ಪ ಬಿಸಿಯಾಗಿ ಕಳೆದುಕೊಳ್ಳುವುದರಿಂದ ಖಾಲಿಯಿಂದ ತುಂಬುವವರೆಗೆ ಕಿಂಡಿಯಲ್ಲಿ 22ರಷ್ಟು ಬೇಕು. 10,000ದ ಪೆಟ್ಟಿಗೆ ಹೊರಕೊಡುವುದು 31ರಿಂದ 33. ಅಂದರೆ ಒಂದೂವರೆ ಸಲ ತುಂಬೀತು. ಅಂಗಡಿಯವರು ಹೇಳುವ ‘ಎರಡು ಸಲ’ ಬರೀ ಭಾಗಾಕಾರದ ಫಲ. ಟ್ಯಾಬ್ಲೆಟ್ಟಿನ ಹಸಿವು ದೊಡ್ಡದು. 2022ರಲ್ಲಿ ಬಂದ ಆಪಲ್‌ನ ಹತ್ತನೇ ತಲೆಮಾರಿನ ಐಪ್ಯಾಡಿನ ಬ್ಯಾಟರಿ 28.6 ವ್ಯಾಟ್-ಗಂಟೆಯದು, 10,000ದ ಪೆಟ್ಟಿಗೆ ಪೂರ್ತಿ ಬರಿದಾದರೂ ಅದು ಒಂದು ಸಲ ತುಂಬುವುದು ಕಷ್ಟ. 8,000 ಎಂಎಎಚ್ ಬರೆದಿರುವ ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳದೂ ಇದೇ ಮಾತು. 2020–21ರಲ್ಲಿ ಆನ್‌ಲೈನ್ ತರಗತಿಗಳಿದ್ದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಪಾಠಕ್ಕೆ ಟ್ಯಾಬ್ಲೆಟ್ ಬಳಸುವ ಮನೆಯಾದರೆ 20,000ದ ಪೆಟ್ಟಿಗೆಗೆ ಕಾರಣವಿದೆ. ಫೋನು ಮಾತ್ರ ಇರುವವರಿಗೆ 10,000 ಸಾಕು. ಈ ನಿಲುವಿಗೆ ಮೊದಲ ಆಕ್ಷೇಪ ಬರುವುದೇ ಇಲ್ಲಿ.

ದೊಡ್ಡದಿದ್ದರೆ ನಷ್ಟವೇನು, ಎರಡು ದಿನ ಕರೆಂಟು ಹೋಗುವ ಊರಿಗೆ 30,000ದ್ದೇ ಬರಲಿ ಎನ್ನುವವರಿದ್ದಾರೆ. ಮಾತು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ದೊಡ್ಡ ಪೆಟ್ಟಿಗೆಯನ್ನು ತುಂಬಲು ದೊಡ್ಡ ಹೊತ್ತೂ ಬೇಕು. 74 ವ್ಯಾಟ್-ಗಂಟೆಯ ಪೆಟ್ಟಿಗೆಯನ್ನು ಮನೆಯಲ್ಲಿರುವ ಹಳೆಯ 10 ವ್ಯಾಟಿನ ಚಾರ್ಜರಿಗೆ ಸಿಕ್ಕಿಸಿದರೆ ಒಂಬತ್ತು ಗಂಟೆ ಹಿಡಿಯುತ್ತದೆ. ಮಳೆಗಾಲದಲ್ಲಿ ಹಗಲಿಗೆ ಮೂರು ಗಂಟೆ ಕರೆಂಟು ಬಂದು ಹೋಗುವ ಊರಿನಲ್ಲಿ ಆ ಪೆಟ್ಟಿಗೆ ಮೂರನೇ ಒಂದು ಪಾಲು ತುಂಬಿ ನಿಲ್ಲುತ್ತದೆ; 20,000 ಎಂದು ಕೊಂಡದ್ದು 7,000ವಾಗಿ ದುಡಿಯುತ್ತದೆ. ಒಳಬರುವ ಶಕ್ತಿಯನ್ನು 18 ವ್ಯಾಟಿನಷ್ಟಾದರೂ ಹೀರುವ 10,000ದ ಪೆಟ್ಟಿಗೆ, ಅದಕ್ಕೆ ತಕ್ಕ ಚಾರ್ಜರಿದ್ದರೆ, ಆ ಮೂರೇ ಗಂಟೆಯಲ್ಲಿ ಬಹುಮಟ್ಟಿಗೆ ತುಂಬಿರುತ್ತದೆ. ಹೊರಕೊಡುವ ವ್ಯಾಟನ್ನು ಎಲ್ಲರೂ ಕೇಳುತ್ತಾರೆ, ಒಳತೆಗೆದುಕೊಳ್ಳುವ ವ್ಯಾಟನ್ನು ಕೇಳುವವರು ಕಡಿಮೆ. ಕರೆಂಟು ಬಂದು ಹೋಗುವ ಊರಿನಲ್ಲಿ ತುಂಬುವ ವೇಗವೂ ಸಾಮರ್ಥ್ಯದ ಭಾಗವೇ ಆಗುತ್ತದೆ. ಭಾರದ ಮಾತೂ ಇದೆ. 10,000ದ್ದು ಸುಮಾರು 200 ಗ್ರಾಂ, 20,000ದ್ದು ಅದರ ಇಮ್ಮಡಿಯ ಹತ್ತಿರ. ಭಾರವೆಂದು ಮನೆಯಲ್ಲೇ ಬಿಟ್ಟುಹೋದ ಪೆಟ್ಟಿಗೆಯ ಸಾಮರ್ಥ್ಯ ಸೊನ್ನೆ. ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ವಿಮಾನ ಹತ್ತುವವರಿಗೆ ಇನ್ನೊಂದು ಗಡಿಯಿದೆ: 100 ವ್ಯಾಟ್-ಗಂಟೆಯವರೆಗಿನ ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಒಯ್ಯಬಹುದು, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು, ಅದಕ್ಕೂ ಮೀರಿದ್ದಕ್ಕೆ ಅವಕಾಶವಿಲ್ಲ, ಸರಕಿನ ಪೆಟ್ಟಿಗೆಯಲ್ಲಿ ಯಾವುದನ್ನೂ ಇಡುವಂತಿಲ್ಲ. 30,000 ಎಂಎಎಚ್ ಎಂದರೆ 111 ವ್ಯಾಟ್-ಗಂಟೆ. ಮನೆಯಲ್ಲಿ ಮೂರು ನಾಲ್ಕು ಫೋನಿದ್ದರೆ ಒಂದು ದೊಡ್ಡದರ ಬದಲು 10,000ದ ಎರಡು ಕೊಳ್ಳುವುದು ಮೇಲು. ಒಂದು ತೋಟಕ್ಕೆ ಹೋಗುತ್ತದೆ, ಇನ್ನೊಂದು ಮನೆಯಲ್ಲಿರುತ್ತದೆ. ಒಂದು ಕೆಟ್ಟರೂ ಎರಡೂ ಕೆಟ್ಟಂತಲ್ಲ.

ರೈಲಿನಲ್ಲೇ ಪ್ಲಗ್ಗು ಇದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಹಗಲು ರೈಲಿನಲ್ಲಿ, 2021ರ ಜುಲೈಯಿಂದ ಈ ಮಾರ್ಗದಲ್ಲಿ ಓಡುತ್ತಿರುವ ವಿಸ್ಟಾಡೋಮ್ ಬೋಗಿಯಲ್ಲಂತೂ, ಅದು ನಿಜ. ರಾತ್ರಿ ರೈಲುಗಳ ಕತೆ ಬೇರೆ. ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್ 2013ರ ಡಿಸೆಂಬರ್‌ನಲ್ಲಿ ಬೆಂಕಿಗೆ ಸಿಕ್ಕ ಬಳಿಕ, ಬೋಗಿಗಳ ಚಾರ್ಜಿಂಗ್ ಪ್ಲಗ್ಗುಗಳನ್ನು ರಾತ್ರಿ 11ರಿಂದ ಬೆಳಗಿನ 5ರವರೆಗೆ ಆರಿಸಿಡಬೇಕೆಂಬ ಶಿಫಾರಸು ಬಂತು. 2021ರ ಮಾರ್ಚ್‌ನಲ್ಲಿ ರೈಲ್ವೆ ಅದನ್ನು ಮತ್ತೆ ಬಿಗಿಗೊಳಿಸಿತು. ಬೆಂಗಳೂರಿನಿಂದ ಹೊರಡುವ ರಾತ್ರಿ ರೈಲುಗಳು ಸಕಲೇಶಪುರ ಬಿಟ್ಟು ಘಟ್ಟ ಇಳಿಯುವುದು ಸರಿಯಾಗಿ ಆ ಹೊತ್ತಿನಲ್ಲೇ. ಪ್ಲಗ್ಗಿಗೆ ಜೀವವಿಲ್ಲದ, ಸಿಗ್ನಲ್ ಹುಡುಕಿ ಫೋನು ಬಳಲುವ, ಗುಡ್ಡ ಜರಿದರೆ ರೈಲು ನಿಲ್ಲುವ ಹಾದಿ ಮೂರೂ ಒಂದೇ ಆಗಿರುವುದರಿಂದ ಈ ಆಕ್ಷೇಪ ಬೇರೆ ಮಾರ್ಗಗಳಿಗೆ ಒಪ್ಪಿದಷ್ಟು ಇಲ್ಲಿಗೆ ಒಪ್ಪುವುದಿಲ್ಲ. ಜನರಲ್ ಬೋಗಿಯಲ್ಲಿ ನಿಂತು ಬರುವವರಿಗೆ ಪ್ಲಗ್ಗು ಇದ್ದರೂ ಎಟುಕುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಹಳಿಯ ಮೇಲೆ ನಡೆದು ಎಡಕುಮೇರಿ ನೋಡಬೇಕೆಂಬ ಚಾರಣಿಗರಿಗೂ ಒಂದು ಮಾತು: ‘ಗ್ರೀನ್ ರೂಟ್’ ಎಂದು ಹೆಸರಾದ ಆ ನಡಿಗೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅತಿಕ್ರಮ ಪ್ರವೇಶ; ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಯಾವ ಪವರ್ ಬ್ಯಾಂಕೂ ಅದಕ್ಕೆ ಪರಿಹಾರವಲ್ಲ.

ಮನೆಯಲ್ಲಿ ಯುಪಿಎಸ್ ಇದ್ದರೆ ಇದೆಲ್ಲ ಏಕೆ ಎಂದು ಕೇಳುವವರಿಗೆ ಉತ್ತರ ಚಿಕ್ಕದು. ಯುಪಿಎಸ್ ದೀಪಕ್ಕೆ, ವೈಫೈಗೆ ಒಳ್ಳೆಯದು; ಅದನ್ನು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋಗಲಾಗದು, ಎರಡನೆಯ ದಿನಕ್ಕೆ ಅದೂ ಮಲಗುತ್ತದೆ. ಹೆಚ್ಚು ಗಂಭೀರವಾದ ಪ್ರಶ್ನೆ ಬೇರೊಂದು. ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಬರಿದಾದರೆ, ಜನರೇಟರಿಗೆ ಡೀಸೆಲ್ ಮುಟ್ಟದಿದ್ದರೆ, ಸಿಗ್ನಲ್ಲೇ ಇಲ್ಲದ ಫೋನಿಗೆ ಚಾರ್ಜ್ ತುಂಬಿ ಮಾಡುವುದೇನು? ಮಲೆನಾಡಿನಲ್ಲಿ ಇದು ಕಲ್ಪನೆಯ ಮಾತಲ್ಲ, ಪ್ರತಿ ಮಳೆಗಾಲದ ದೂರು. ಒಪ್ಪಬೇಕಾದ ಭಾಗವನ್ನು ಒಪ್ಪೋಣ: ಪವರ್ ಬ್ಯಾಂಕ್ ಸಂಪರ್ಕವನ್ನು ಕೊಡುವುದಿಲ್ಲ, ಸಂಪರ್ಕ ಸಿಕ್ಕಾಗ ಬಳಸಿಕೊಳ್ಳುವ ಸ್ಥಿತಿಯಲ್ಲಿ ಫೋನನ್ನು ಇಡುತ್ತದೆ, ಅಷ್ಟೇ. ಆದರೂ ಅದು ಕಡಿಮೆಯಲ್ಲ. 112ಕ್ಕೆ ಮಾಡುವ ತುರ್ತು ಕರೆ ನಿಮ್ಮ ಕಂಪನಿಯದಲ್ಲದ ಟವರಿನ ಮೂಲಕವೂ ಹೋಗುತ್ತದೆ. ಒಂದು ಟವರು ಸತ್ತಾಗ ಗುಡ್ಡದ ಏಣಿಗೆ ಹತ್ತಿದರೆ ಆಚೆ ಬದಿಯದು ಸಿಗಬಹುದು; ಹತ್ತಿ ಹೋದಾಗ ಫೋನಿಗೆ ಜೀವವಿರಬೇಕು. ಟಾರ್ಚು, ಮೊದಲೇ ಇಳಿಸಿಟ್ಟ ನಕ್ಷೆ, ಸಿಗ್ನಲ್ ಬಂದ ಕ್ಷಣ ತಲುಪುವ ಆನೆಯ ಸಂದೇಶ, ಇವೆಲ್ಲ ಚಾರ್ಜ್ ಇರುವ ಫೋನಿಗೇ ಸೇರಿದವು.

ಬಿಸಿಲಿನಿಂದ ತಾನೇ ತುಂಬಿಕೊಳ್ಳುವ ಸೋಲಾರ್ ಪವರ್ ಬ್ಯಾಂಕ್ ಮಲೆನಾಡಿಗೆ ವರವಾಗಬೇಕಿತ್ತು. ಮುಚ್ಚಳದ ಅಳತೆಯ ಫಲಕದಿಂದ ನೆತ್ತಿಯ ಬಿಸಿಲಿನಲ್ಲೂ ಹುಟ್ಟುವುದು ಒಂದರಿಂದ ಒಂದೂವರೆ ವ್ಯಾಟ್. 37 ವ್ಯಾಟ್-ಗಂಟೆ ತುಂಬಲು, ನಷ್ಟ ಸೇರಿಸಿ, ಮೂವತ್ತು ಗಂಟೆಯ ಸುಡುಬಿಸಿಲು ಬೇಕು. ಅಂದರೆ ಬೇಸಿಗೆಯಲ್ಲೇ ಆರೇಳು ದಿನ. ಕರೆಂಟು ಹೋಗುವ ಆಷಾಢದಲ್ಲಿ ಬಿಸಿಲಿನ ಮುಖ ಕಾಣುವುದೇ ಅಪರೂಪ. ಇದಕ್ಕೂ ಮಿಗಿಲಾದ ತೊಡಕೆಂದರೆ ಬ್ಯಾಟರಿಯನ್ನು ಬಿಸಿಲಿಗೆ ಒಡ್ಡಿ ಕಾಯಿಸುವುದು ಅದರ ಆಯುಷ್ಯವನ್ನೇ ತಿನ್ನುತ್ತದೆ. 20 ವ್ಯಾಟಿನ ಮಡಚುವ ಫಲಕವನ್ನು ಬೇರೆಯಾಗಿ ಕೊಂಡು, ಪೆಟ್ಟಿಗೆಯನ್ನು ನೆರಳಲ್ಲಿಟ್ಟು ತಂತಿಯಿಂದ ತುಂಬುವುದಾದರೆ ಅದು ಒಪ್ಪುವ ಮಾತು. ಮುಚ್ಚಳದ ಫಲಕ ಮಾರಾಟಕ್ಕೆಂದು ಹಚ್ಚಿದ ಅಲಂಕಾರ.

ಈಗ ಎಲ್ಲಕ್ಕಿಂತ ತೂಕದ ಪ್ರಶ್ನೆ, ಒಳಗಿನ ಸೆಲ್ಲು. ಪವರ್ ಬ್ಯಾಂಕುಗಳಲ್ಲಿ ಮುಖ್ಯವಾಗಿ ಎರಡು ಆಕಾರದ ಸೆಲ್ಲುಗಳಿರುತ್ತವೆ. 18 ಮಿ.ಮೀ. ಅಡ್ಡಳತೆ, 65 ಮಿ.ಮೀ. ಉದ್ದದ, ಲೋಹದ ಕವಚವುಳ್ಳ ಕೊಳವೆ ಸೆಲ್ಲು ಒಂದು. ಅದಕ್ಕೆ ಅಳತೆಯಿಂದಲೇ 18650 ಎಂದು ಹೆಸರು. ಚಪ್ಪಟೆ ಚೀಲದಂತಿರುವ ಪಾಲಿಮರ್ ಸೆಲ್ಲು ಇನ್ನೊಂದು. ಪಾಲಿಮರ್ ಎಂದ ಮಾತ್ರಕ್ಕೆ ಸುರಕ್ಷಿತ ಎಂಬುದು ಜಾಹೀರಾತಿನ ಮಾತು. ರಸಾಯನ ಎರಡರಲ್ಲೂ ಹತ್ತಿರದ ನೆಂಟ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಮೂರನೆಯದು ನಿಜಕ್ಕೂ ಬೇರೆ. ಅದು ಬೆಂಕಿಗೆ ಸುಲಭವಾಗಿ ಬಗ್ಗುವುದಿಲ್ಲ. ಸಾಧಾರಣ ಸೆಲ್ಲು 300ರಿಂದ 500 ಸಲ ತುಂಬಿ ಬರಿದಾದ ಮೇಲೆ ಸೊರಗತೊಡಗಿದರೆ ಇದು ಸಾವಿರಗಟ್ಟಲೆ ಸಲ ತಾಳುತ್ತದೆ. ಪ್ರತಿಯಾಗಿ ಭಾರ ಹೆಚ್ಚು, ವೋಲ್ಟೇಜು 3.2 ಮಾತ್ರ, ಆದ್ದರಿಂದ ಅದರ 10,000 ಎಂಎಎಚ್ 32 ವ್ಯಾಟ್-ಗಂಟೆಯಷ್ಟೇ. ಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಇರಬೇಕಾದ ಪೆಟ್ಟಿಗೆಗೆ ಇದು ತಕ್ಕದ್ದು, ಜೇಬಿಗಲ್ಲ. ಸೆಲ್ಲು ಕೆಟ್ಟದ್ದಾದರೆ ಏನಾಗುತ್ತದೆ ಎಂಬುದು ಈಚೆಗೆ ಎಲ್ಲರಿಗೂ ಗೊತ್ತು. ಒಳಪದರ ಹರಿದು ಎರಡು ಧ್ರುವಗಳು ತಾಕಿದರೆ ಹುಟ್ಟುವ ಬಿಸಿ ಇನ್ನಷ್ಟು ರಾಸಾಯನಿಕ ಕ್ರಿಯೆಯನ್ನು ಎಬ್ಬಿಸುತ್ತದೆ, ಆ ಕ್ರಿಯೆ ಮತ್ತಷ್ಟು ಬಿಸಿಯನ್ನು. ನಿಮಿಷಗಳೊಳಗೆ ಹೊಗೆ, ಬೆಂಕಿ.

ಭಾರತದಲ್ಲಿ ಪವರ್ ಬ್ಯಾಂಕುಗಳು ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. 2012ರಲ್ಲಿ ಹೊರಟ ಎಲೆಕ್ಟ್ರಾನಿಕ್ಸ್ ಸರಕುಗಳ ಕಡ್ಡಾಯ ನೋಂದಣಿ ಆದೇಶಕ್ಕೆ ಪವರ್ ಬ್ಯಾಂಕನ್ನೂ ಅದರೊಳಗಿನ ಸೆಲ್ಲನ್ನೂ ಆಮೇಲೆ ಸೇರಿಸಲಾಯಿತು. ಸೆಲ್ಲುಗಳಿಗೆ ಐಎಸ್ 16046 ಎಂಬ ಮಾನಕವಿದೆ. ನೋಂದಾಯಿತ ಪೆಟ್ಟಿಗೆಯ ಮೇಲೆ ಬ್ಯೂರೊದ ಗುರುತು, ಜತೆಗೆ ‘ಆರ್’ ಅಕ್ಷರದಿಂದ ಶುರುವಾಗುವ ಎಂಟಂಕಿಯ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ನೋಂದಣಿ ಇನ್ನೂ ಜಾರಿಯಲ್ಲಿದೆಯೇ ಎಂಬುದು ಅಂಗಡಿಯ ಮುಂದೆ ನಿಂತೇ ತಿಳಿಯುತ್ತದೆ. ಮುದ್ರೆ ನಕಲು ಮಾಡುವುದು ಸುಲಭ, ಸಂಖ್ಯೆಯ ಹಿಂದಿನ ದಾಖಲೆಯನ್ನು ನಕಲು ಮಾಡಲಾಗದು. ಇದಕ್ಕೂ ಒಂದು ಮರುಮಾತುಂಟು: ಹೆಸರುವಾಸಿ ಕಂಪನಿಗಳದೂ ಸುಟ್ಟಿಲ್ಲವೇ? ಸುಟ್ಟಿವೆ. ಆಂಕರ್ ಕಂಪನಿ 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ತನ್ನ 10,000ದ ಒಂದು ಮಾದರಿಯ 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕುಗಳನ್ನು ಬೆಂಕಿಯ ಅಪಾಯಕ್ಕಾಗಿ ಹಿಂದಕ್ಕೆ ಕರೆಯಿತು. ಆದರೆ ಈ ನಿದರ್ಶನ ಹೆಸರಿಲ್ಲದ ಪೆಟ್ಟಿಗೆಯ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಹೆಸರು, ಮಾದರಿ, ಸರಣಿ ಸಂಖ್ಯೆ ಇದ್ದದ್ದರಿಂದಲೇ ಅವನ್ನು ಹುಡುಕಿ ಹಿಂದೆ ಕರೆಯಲಾಯಿತು. ಜಾತ್ರೆಯ ಸಾಲಿನಲ್ಲೋ ಬಸ್ ನಿಲ್ದಾಣದಲ್ಲೋ 50,000 ಎಂದು ಬರೆದು ಮುನ್ನೂರು ರೂಪಾಯಿಗೆ ಮಾರುವ ಪೆಟ್ಟಿಗೆಯನ್ನು ಯಾರು, ಎಲ್ಲಿಗೆ ಹಿಂದೆ ಕರೆದಾರು? ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲುಗಳನ್ನು ಹೊಸ ಕವಚಕ್ಕೆ ತುಂಬಿ ಮಾರುವ ವ್ಯವಹಾರವೂ ಉಂಟು. 50,000 ಎಂಎಎಚ್ ನಿಜವೇ ಆಗಿದ್ದರೆ ಸೆಲ್ಲಿನ ಭಾರವೇ ಮುಕ್ಕಾಲು ಕಿಲೋ ದಾಟಬೇಕು. ಕೈಯಲ್ಲಿ ತೂಗಿದರೆ ಸುಳ್ಳು ಗೊತ್ತಾಗುತ್ತದೆ.

ಕಿಂಡಿ, ತಂತಿಗಳ ವಿಷಯ ಇಷ್ಟು ದೀರ್ಘ ಚರ್ಚೆ ಬೇಡುವುದಿಲ್ಲ. ಒಳಕ್ಕೂ ಹೊರಕ್ಕೂ ಒಂದೇ ಟೈಪ್-ಸಿ ಕಿಂಡಿ ಇರುವ ಪೆಟ್ಟಿಗೆ ಕೊಳ್ಳುವುದು ಈಗ ಸರಿ; ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನು, ಟ್ಯಾಬ್ಲೆಟ್ಟುಗಳಿಗೆ ಅದನ್ನೇ ಕಡ್ಡಾಯ ಮಾಡಿರುವುದರಿಂದ ಮುಂದಿನ ಉಪಕರಣಗಳೂ ಅದನ್ನೇ ಕೇಳುತ್ತವೆ. ವೇಗದ ಚಾರ್ಜಿಂಗಿಗೆ ಪೆಟ್ಟಿಗೆ ಮತ್ತು ಫೋನು ಒಂದೇ ಭಾಷೆ ಆಡಬೇಕು. ಪವರ್ ಡೆಲಿವರಿ ಎಂಬುದು ಎಲ್ಲರಿಗೂ ಸೇರಿದ ಪದ್ಧತಿ, 5, 9, 15, 20 ವೋಲ್ಟುಗಳಲ್ಲಿ ಮಾತುಕತೆ ನಡೆಸುತ್ತದೆ. ಕೆಲವು ಫೋನ್ ಕಂಪನಿಗಳು ತಮ್ಮದೇ ಪದ್ಧತಿ ಇಟ್ಟುಕೊಂಡಿವೆ. ಭಾಷೆ ಹೊಂದದಿದ್ದರೆ ‘67 ವ್ಯಾಟ್’ ಫೋನೂ 10 ವ್ಯಾಟಿನಲ್ಲಿ ಮೆಲ್ಲಗೆ ತುಂಬುತ್ತದೆ, ಕೆಡುವುದಿಲ್ಲ. ಟ್ಯಾಬ್ಲೆಟ್ಟಿಗೆ 18 ವ್ಯಾಟಿಗಿಂತ ಕಡಿಮೆ ಸಾಲದು, ಪಾಠ ನೋಡುತ್ತ ಚಾರ್ಜಿಗೆ ಹಾಕಿದರೆ ತುಂಬುವುದಕ್ಕಿಂತ ಖರ್ಚೇ ಹೆಚ್ಚಾದೀತು. ತಂತಿಯಿಲ್ಲದೆ ಚಾರ್ಜ್ ಮಾಡುವ ಪೆಟ್ಟಿಗೆ ಶಕ್ತಿಯ ದೊಡ್ಡ ಪಾಲನ್ನು ಬಿಸಿಯಾಗಿ ಕಳೆಯುತ್ತದೆ. ಒಂದೊಂದು ವ್ಯಾಟ್-ಗಂಟೆಯನ್ನೂ ಎಣಿಸುವ ಕಡೆ ಅದು ಶೋಕಿ. ಗಮನಿಸಬೇಕಾದ ಇನ್ನೊಂದು ಗುಣವಿದೆ. ತೀರಾ ಕಡಿಮೆ ಕರೆಂಟು ಎಳೆಯುವ ಯುಎಸ್‌ಬಿ ದೀಪ, ತಲೆಗೆ ಕಟ್ಟುವ ಟಾರ್ಚು, ಕಿವಿಯ ಇಯರ್‌ಬಡ್ಡುಗಳಿಗೆ ಸಿಕ್ಕಿಸಿದಾಗ ಹಲವು ಪೆಟ್ಟಿಗೆಗಳು ಏನೂ ಸಿಕ್ಕಿಸಿಲ್ಲವೆಂದು ತಿಳಿದು ತಾವೇ ಆರಿಹೋಗುತ್ತವೆ. ಕರೆಂಟು ಹೋದ ರಾತ್ರಿ ಸಣ್ಣ ದೀಪ ಉರಿಸುವ ಆಲೋಚನೆಯಿದ್ದರೆ ‘ಲೋ ಕರೆಂಟ್ ಮೋಡ್’ ಇರುವುದನ್ನೇ ಕೇಳಿ ಪಡೆಯಬೇಕು.

ಕೊಂಡ ಮೇಲೆ ಕೆಡಿಸುವುದು ಮಲೆನಾಡಿನಲ್ಲಿ ಎರಡು: ತೇವ ಮತ್ತು ತೇವ ಆರಿಸುವ ನಮ್ಮ ಕ್ರಮ. ತಿಂಗಳುಗಟ್ಟಲೆ ಗೋಡೆ ಬೆವರುವ ಮನೆಗಳಲ್ಲಿ ಕಿಂಡಿಯ ಲೋಹದ ನಾಲಿಗೆಗೆ ಹಸಿರು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಇಟ್ಟರೆ ಅದು ತಪ್ಪುತ್ತದೆ. ಮಳೆಯಲ್ಲಿ ನೆನೆದ ಬಟ್ಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ, ಬಚ್ಚಲ ಒಲೆಯ ಪಕ್ಕ ಒಣಗಿಸುವ ರೂಢಿ ಪವರ್ ಬ್ಯಾಂಕಿಗೆ ಮಾತ್ರ ಬೇಡ. ನೆನೆದದ್ದು ಒಣಗಿದ ಮೇಲೂ ಒಳಗೆ ಏನು ಕೊರೆಯುತ್ತಿದೆಯೆಂದು ಹೊರಗೆ ಕಾಣದು; ಪೂರ್ತಿ ಮುಳುಗಿದ್ದನ್ನು ಮತ್ತೆ ಚಾರ್ಜಿಗೆ ಹಾಕದಿರುವುದೇ ಕ್ಷೇಮ. ಬೇಸಿಗೆಯಲ್ಲಿ ಜೀಪಿನ ಗಾಜಿನಡಿ ಬಿಟ್ಟುಹೋಗುವುದೂ ಅಷ್ಟೇ ಕೆಟ್ಟದ್ದು. ಚಾರ್ಜ್ ಮಾಡುವಾಗ 45 ಡಿಗ್ರಿ ಮೀರಬಾರದೆಂಬುದು ಈ ಸೆಲ್ಲುಗಳ ಸಾಮಾನ್ಯ ಮಿತಿ. ಬಳಸದೆ ಇಡುವಾಗ ಅರ್ಧ ತುಂಬಿಟ್ಟರೆ ಸೆಲ್ಲು ಹೆಚ್ಚು ಕಾಲ ಬಾಳುತ್ತದೆ ಎಂಬುದು ನಿಜ, ಆದರೆ ಅರ್ಧ ಪೆಟ್ಟಿಗೆ ಗಾಳಿಮಳೆಯ ರಾತ್ರಿ ಅರ್ಧವೇ ನೆರವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬಿಡಿ, ಉಳಿದ ತಿಂಗಳು ಅರ್ಧದಲ್ಲಿಡಿ. ಆಯುಷ್ಯದಲ್ಲಿ ಸ್ವಲ್ಪ ಕಳೆದರೂ ಕೊಂಡದ್ದು ಆ ನಾಲ್ಕು ತಿಂಗಳಿಗಾಗಿಯೇ ತಾನೆ.

ಕವಚ ಊದಿಕೊಂಡರೆ, ಸಿಹಿಯಾದ ದ್ರಾವಕದ ವಾಸನೆ ಬಂದರೆ, ಸುಮ್ಮನಿದ್ದಾಗಲೂ ಬೆಚ್ಚಗಿದ್ದರೆ ಆ ಪೆಟ್ಟಿಗೆಯ ಕಾಲ ಮುಗಿದಿದೆ. ಚುಚ್ಚಿ ಗಾಳಿ ತೆಗೆಯುವ ಸಾಹಸ ಬೇಡ. ಹೊಗೆ ಕಂಡರೆ ತಂತಿ ಕಿತ್ತು, ಉರಿಯುವ ವಸ್ತುಗಳಿಂದ ದೂರ ಸರಿಸಿ, ಧಾರಾಳ ನೀರು ಸುರಿದು ತಂಪು ಮಾಡಬೇಕು. ಸತ್ತ ಪವರ್ ಬ್ಯಾಂಕನ್ನು ತೋಟದ ಗುಂಡಿಗೋ ಕೆಂಪುಹೊಳೆಯ ದಂಡೆಗೋ ಎಸೆಯುವವರು, ಗುಜರಿಯವರ ಚೀಲಕ್ಕೆ ಹಾಕುವವರು ಇನ್ನೂ ಇದ್ದಾರೆ. 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು, ಅದನ್ನು ಮನೆಯ ಕಸದಿಂದ ಬೇರೆಯಾಗಿ ಒಪ್ಪಿಸುವ ಹೊಣೆ ಬಳಸುವವರದು. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಕೇಳಿ. ಬಿಲ್ಲನ್ನೂ ಕೇಳಿ ಪಡೆಯಿರಿ.